ಕೆಲವರಪಳ್ಳಿಯ ನೊರೆ ಪಾರ್ಕಿಗೆ ಒಂದು ಅಭಿನಂದನೆ

ವಾಟರ್ ಪಾರ್ಕ್ ನಡೆಸುವುದು ಹುಡುಗಾಟವಲ್ಲ. ಕೊಳದ ನೀರನ್ನು ಹಗಲೂ ರಾತ್ರಿ ಮರಳಿನ ಫಿಲ್ಟರಿನಲ್ಲಿ ಹಾಯಿಸುತ್ತಲೇ ಇರಬೇಕು. ಪಿಎಚ್ 7.2ಕ್ಕಿಂತ ಇಳಿಯಬಾರದು, 7.8 ದಾಟಬಾರದು. ಕ್ಲೋರಿನ್ ಕಡಿಮೆಯಾದರೆ ಪಾಚಿ, ಜಾಸ್ತಿಯಾದರೆ ಮಕ್ಕಳ ಕಣ್ಣು ಕೆಂಪು. ಪಂಚೆ ಮೇಲೆತ್ತಿ ಕಟ್ಟಿ ಅಲೆಕೊಳಕ್ಕೆ ಇಳಿಯಲು ಹೊರಟ ಮಾವನವರನ್ನು ಮರ್ಯಾದೆಯಿಂದ ತಡೆದು ನೈಲಾನ್ ಚಡ್ಡಿಯೊಂದನ್ನು ಬಾಡಿಗೆಗೆ ಹಿಡಿಸಬೇಕು. ಭಾನುವಾರ ಜಾರುಬಂಡೆಯ ಕ್ಯೂನಲ್ಲಿ ನಡುವೆ ನುಗ್ಗಿದವರು ಯಾರೆಂದು ತೀರ್ಮಾನಿಸಬೇಕು. ಲಾಕರಿನ ಕೀಲಿಯನ್ನು ನೀರಲ್ಲೇ ಬಿಟ್ಟು ಬಂದವರಿಗೆ ಸಮಾಧಾನ ಹೇಳಬೇಕು. ಇದೆಲ್ಲ ಗೇಟು ತೆರೆದ ಮೇಲಿನ ಮಾತು. ತೆರೆಯುವುದಕ್ಕೇ ದುಡ್ಡು ಸುರಿಯಬೇಕು. 2025ರ ಡಿಸೆಂಬರಿನಲ್ಲಿ ಚೆನ್ನೈ ಹೊರವಲಯದ ತಿರುಪ್ಪೋರೂರಿನ ಬಳಿ ಬಾಗಿಲು ತೆರೆದ ವಂಡರ್‌ಲಾ ಪಾರ್ಕಿಗೆ ಅರವತ್ತು ಎಕರೆಗೂ ಮಿಕ್ಕಿದ ಜಾಗ ಹಿಡಿಯಿತು, ಆರುನೂರು ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು.

ಇಂಥ ಪಾಡು ಪಡುವ ಉದ್ಯಮಿಗಳು ಒಂದು ಮಳೆಗಾಲದಲ್ಲಿ ತಮಿಳುನಾಡಿನ ಹೊಸೂರಿಗೆ ಬರಬೇಕು. ಪೇಟೆಯಿಂದ ಹತ್ತು ಕಿಲೋಮೀಟರಿನೊಳಗೆ, ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೆಲವರಪಳ್ಳಿ ಅಣೆಕಟ್ಟು. ಅದರ ಕೆಳಗೆ, ಮತವೆಣಿಸದೆ ಜಾತಿಯೆಣಿಸದೆ, ಟಿಕೆಟ್ಟೂ ಇಲ್ಲದೆ, ದಕ್ಷಿಣ ಭಾರತದ ಅತಿದೊಡ್ಡ ನೊರೆ ಸ್ನಾನದ ವ್ಯವಸ್ಥೆ ನಡೆಯುತ್ತಿದೆ. ಖಾಸಗಿ ಪಾರ್ಕುಗಳಲ್ಲಿ ಇದಕ್ಕೆ ‘ಫೋಮ್ ಪಾರ್ಟಿ’ ಎಂದು ಬೋರ್ಡು ಹಾಕಿ, ಸಂಜೆ ಅರ್ಧ ಗಂಟೆ ಯಂತ್ರ ತಿರುಗಿಸಿ, ಮುಗಿಯಿತು ಎನ್ನುತ್ತಾರೆ. ಇಲ್ಲಿ ಯಂತ್ರವೂ ಇಲ್ಲ, ಮುಗಿಯುವುದೂ ಇಲ್ಲ. ಗೇಟು ಎತ್ತಿದ ಕ್ಷಣ ನದಿ ಬೆಳ್ಳಗಾಗುತ್ತದೆ. ಹರಿವು ಜೋರಿದ್ದ ದಿನ ನೊರೆ ಎದ್ದು ನಂದಿಮಂಗಲದ ಕಡೆಯ ತಗ್ಗು ಸೇತುವೆ ಹತ್ತಿ, ರಸ್ತೆಗೇ ಬಂದು ಅತಿಥಿಗಳನ್ನು ಕಾಣುತ್ತದೆ. ಗಿರಾಕಿಯ ಕಾಲಬುಡಕ್ಕೆ ಆಟವನ್ನೇ ತಂದೊಪ್ಪಿಸುವ ಸೇವೆ ಬೇರೆಲ್ಲಿದೆ? ಬೈಕಿನವನು ನೊರೆಯೊಳಗೆ ಹೋಗುವುದು ಕಾಣುತ್ತದೆ. ಎಲ್ಲಿ ಹೊರಬರುತ್ತಾನೆ ಎಂಬ ಕುತೂಹಲ ನೋಡುವವರಿಗೆ ಉಚಿತ.

ಈ ಪಾರ್ಕಿನ ಯಶಸ್ಸಿನ ಗುಟ್ಟು ಕಚ್ಚಾಮಾಲಿನಲ್ಲಿದೆ. ಅದರ ಪೂರೈಕೆದಾರರು ನಾವೇ, ಬೆಂಗಳೂರಿನವರು, ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಬೆಳಗ್ಗೆ ಆರಕ್ಕೆ ಶುರು ನಮ್ಮ ಸೇವೆ. ವಾಷಿಂಗ್ ಮೆಷಿನ್ನಿಗೆ ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಒಂದು ಮುಚ್ಚಳ ಹೆಚ್ಚಿಗೆ ಲಿಕ್ವಿಡ್ ಸುರಿಯುವ ಗೃಹಿಣಿ, ಕಾರು ತೊಳೆಯಲು ಒಂದು ಬಕೆಟ್ ಶಾಂಪೂ ಕಲಸುವ ಹುಡುಗ, ನೆಲಕ್ಕೆ ನಿಂಬೆ ವಾಸನೆಯ ದ್ರಾವಣ ಹೊಯ್ದು ‘ಈಗ ಮನೆ ಘಮ್ಮೆನ್ನುತ್ತೆ ನೋಡ್ರಿ’ ಎನ್ನುವ ಅತ್ತೆ. ರಾತ್ರಿ ಹತ್ತಕ್ಕೆ ಕೊಳಚೆ ಸಂಸ್ಕರಣಾ ಘಟಕದ (ಎಸ್‌ಟಿಪಿ) ಬ್ಲೋವರ್ ಬಂದ್ ಮಾಡಿಸಿ ಕರೆಂಟ್ ಬಿಲ್ ಉಳಿಸುವ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಗಳ ತ್ಯಾಗವನ್ನಂತೂ ಮರೆಯುವಂತಿಲ್ಲ. ಒಬ್ಬೊಬ್ಬರದು ಹನಿಯಷ್ಟೇ. ಆದರೆ ನಗರದ ಕೊಳಚೆಯಲ್ಲಿ ಶೇ 40ರಷ್ಟು ಬೆಳ್ಳಂದೂರು ಕೆರೆಯ ದಿಕ್ಕಿಗೇ ಇಳಿಯುತ್ತದೆ ಎಂಬ ಲೆಕ್ಕವನ್ನು ನೆನೆದರೆ, ಯಾವ ಪಾರ್ಕಿಗೂ ಇಷ್ಟು ನಿಷ್ಠಾವಂತ ಸರಬರಾಜು ಜಾಲ ಇರಲಾರದು. ಯುಗಾದಿಗೂ ರಜೆ ಇಲ್ಲ. ಯುಗಾದಿಗೆ ಎಣ್ಣೆಸ್ನಾನ ಇರುವುದರಿಂದ ಅಂದು ಸ್ವಲ್ಪ ಹೆಚ್ಚೇ.

ಸಾಬೂನಿನ ಕಣಕ್ಕೆ ಎರಡು ತುದಿ. ಒಂದು ನೀರನ್ನು ಅಪ್ಪುತ್ತದೆ, ಇನ್ನೊಂದು ಜಿಡ್ಡನ್ನು. ಎರಡೂ ಕಡೆಯವರೊಂದಿಗೆ ಸಂಬಂಧ ಇಟ್ಟುಕೊಂಡ ಇಂಥವರು ರಾಜಕಾರಣದಲ್ಲಿ ಹೇಗೋ ನೀರಿನಲ್ಲೂ ಹಾಗೆಯೇ ಮೇಲೆ ತೇಲುತ್ತಾರೆ. ಬೇಸಿಗೆಯಲ್ಲಿ ಈ ಕಣಗಳು ಕೆರೆಯ ತಳದ ಹೂಳಿಗೆ ಅಂಟಿಕೊಂಡು ಠೇವಣಿಯಾಗಿ ಬೆಳೆಯುತ್ತವೆ. ಮಳೆ ಬಂದು ಹೂಳು ಕಲಕಿದಾಗ ಒಂದೇ ಸಲ ಎದ್ದು ಬರುತ್ತವೆ. ಬಳಿಕ ಬೇಕಾದ್ದು ಒಂದು ಬೀಳು ಮಾತ್ರ: ಕೋಡಿಯಿಂದಲೋ ಗೇಟಿನಿಂದಲೋ ನೀರು ಕೆಳಗೆ ಧುಮುಕಿ ಗಾಳಿಯೊಂದಿಗೆ ಬೆರೆತರೆ ಸಾಕು. ಬೆಂಗಳೂರು ಎತ್ತರದಲ್ಲಿದೆ, ಹೊಸೂರು ತಗ್ಗಿನಲ್ಲಿದೆ. ಪಂಪಿಗೆ ಕಾಸೂ ಖರ್ಚಿಲ್ಲ.

ಪಾರ್ಕಿನ ಮೂಲ ಶಾಖೆ ಬೆಳ್ಳಂದೂರಿನಲ್ಲೇ ಇತ್ತು. 2015ರಲ್ಲಿ ಯಮಲೂರಿನ ಸೇತುವೆಯ ಮೇಲೆ ನೊರೆ ಹಾರಿ ಬಂದು ಸ್ಕೂಟರಿನವರ ಹೆಲ್ಮೆಟ್ ಸೇರುತ್ತಿದ್ದ ಕಾಲ ಅದು. ಅದೇ ವರ್ಷ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿಕೊಂಡು, ಬೆಂಕಿಯ ಆಟವನ್ನೂ ನೀರಿನ ಆಟವನ್ನೂ ಒಂದೇ ಜಾಗದಲ್ಲಿ ಕೊಟ್ಟ ಜಗತ್ತಿನ ಅಪರೂಪದ ಕೆರೆ ಎಂಬ ಖ್ಯಾತಿ ಬಂತು. 2017ರ ಫೆಬ್ರುವರಿಯಲ್ಲಿ ಮರುಪ್ರದರ್ಶನ. 2018ರ ಜನವರಿಯದಕ್ಕೆ ಸೇನೆಯ ಯೋಧರೇ ಬಂದು ನಿಂತರು. ಈ ನಡುವೆ ನೊರೆ ರಸ್ತೆಗೆ ಬಾರದಿರಲೆಂದು ಬಲೆಯನ್ನೂ ಕಟ್ಟಿದರು. ನೊರೆಯನ್ನು ಬಲೆಯಲ್ಲಿ ಹಿಡಿಯುವ ಈ ಯೋಚನೆ ಯಾವ ಎಂಜಿನಿಯರಿನ ತಲೆಗೆ ಹೊಳೆಯಿತೋ, ಅವರಿಗೆ ಒಂದು ರಾಜ್ಯೋತ್ಸವ ಪ್ರಶಸ್ತಿ ಬಾಕಿ ಇದೆ ಎಂಬುದು ನನ್ನ ಖಾಸಗಿ ಅಭಿಪ್ರಾಯ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಸಾಧನೆ ಗುರುತಿಸಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ ಕೆರೆಯ ನೀರು ಬಸಿದು ಹೂಳೆತ್ತುವ ಕೆಲಸ ಶುರುವಾಯಿತು. ನವೀಕರಣದ ಸಲುವಾಗಿ ಮೂಲ ಶಾಖೆ ಭಾಗಶಃ ಮುಚ್ಚಿದೆ ಎಂದುಕೊಳ್ಳಿ. ಅಭಿಮಾನಿಗಳು ಎದೆಗುಂದಬೇಕಿಲ್ಲ. ಬೆಳ್ಳಂದೂರಿನಿಂದ ವರ್ತೂರು, ವರ್ತೂರಿನಿಂದ ಮುಂದೆ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆಯ ಕಡೆಯಿಂದ ಸಭ್ಯವಾಗಿ ಬರುತ್ತಿದ್ದ ನದಿ ನಮ್ಮ ಕೊಡುಗೆಯನ್ನು ಮಡಿಲಿಗೆ ಹಾಕಿಕೊಂಡು ಕೊಡಿಯಾಳಂ ಬಳಿ ತಮಿಳುನಾಡಿಗೆ ಕಾಲಿಡುತ್ತದೆ. ಅಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಹೆಸರು ಬದಲಾದರೂ ಸಾಮಾನು ಬದಲಾಗುವುದಿಲ್ಲ.

ಎರಡು ರಾಜ್ಯಗಳ ನಡುವೆ ಇಷ್ಟು ಸರಾಗವಾಗಿ ಗಡಿ ದಾಟಿದ ಯೋಜನೆ ಇನ್ನೊಂದನ್ನು ತೋರಿಸಿ ನೋಡೋಣ. ನಮ್ಮ ಮೆಟ್ರೊ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಬಂದು ನಿಂತಿತು. ಅಲ್ಲಿಂದ ಹೊಸೂರಿಗೆ ಎಳೆಯೋಣವೆಂದರೆ ನಮ್ಮದು 750 ವೋಲ್ಟಿನ ಮೂರನೇ ಹಳಿ, ತಮಿಳುನಾಡಿನವರು ಹೇಳುವುದು 25 ಕಿಲೋವೋಲ್ಟಿನ ಮೇಲ್ತಂತಿ. ಕರೆಂಟೇ ಕೂಡಿ ಬರಲಿಲ್ಲ. ಹೊಸೂರಿಗೆ ವಿಮಾನ ನಿಲ್ದಾಣ ಮಾಡುತ್ತೇವೆಂದು 2024ರ ಜೂನಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ವಿಧಾನಸಭೆಯಲ್ಲಿ ಹೇಳಿದರು. ದೇವನಹಳ್ಳಿಯ ಸುತ್ತ 150 ಕಿಲೋಮೀಟರಿನಲ್ಲಿ 2033ರವರೆಗೆ ಇನ್ನೊಂದು ನಿಲ್ದಾಣ ಕೂಡದೆಂಬ ಒಪ್ಪಂದ ಅಡ್ಡ ಬಂತು. ಅತ್ತಿಬೆಲೆ ದಾಟಿ ಜೂಜುವಾಡಿ ಸೇರಲು ಶನಿವಾರ ಸಂಜೆ ಕಾರಿಗೆ ಎಷ್ಟು ಹೊತ್ತು ಬೇಕೆಂಬುದನ್ನು ದೇವರೂ ಹೇಳಲಾರ. ನೊರೆಗೆ ವೋಲ್ಟೇಜ್ ತಕರಾರಿಲ್ಲ, ಚೆಕ್‌ಪೋಸ್ಟ್ ಇಲ್ಲ, ಟೋಲ್ ಇಲ್ಲ. ಭಾಷೆಯ ಜಗಳವೂ ಇಲ್ಲ.

ನಮ್ಮ ಔದಾರ್ಯದ ಅಳತೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2008ರಲ್ಲಿ ಕರುಣಾನಿಧಿಯವರು ಹೊಗೇನಕಲ್ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲು ಹಾಕಿದಾಗ ನಾವು ಬೀದಿಗಿಳಿದು ಬಸ್ಸು ನಿಲ್ಲಿಸಿದೆವು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲು ಹಳದಿಯಾಗುತ್ತಿದೆ, ಅದಕ್ಕೇ ಕಾವೇರಿ ಬೇಕು ಎಂಬ ಅವರ ಮಾತಿಗೆ ನಾವು ಕರಗಲಿಲ್ಲ. ಅವರು ಜಪಾನಿನ ಸಾಲ ತಂದು, 1,900 ಕೋಟಿಗೂ ಹೆಚ್ಚು ಖರ್ಚು ಮಾಡಿ, 2013ರಲ್ಲಿ ನಲ್ಲಿ ತಿರುಗಿಸಿಕೊಂಡರು. ಪಿನಾಕಿನಿಯದೇ ಇನ್ನೊಂದು ವ್ಯಾಜ್ಯ: ಅದರ ಉಪನದಿ ಮಾರ್ಕಂಡೇಯಕ್ಕೆ ಯರಗೋಳಿನಲ್ಲಿ ನಾವು ಕಟ್ಟಿದ ಅಣೆಕಟ್ಟು ತಪ್ಪು ಎಂದು ಅವರು 1892ರ ಒಪ್ಪಂದ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು, 2019ರ ನವೆಂಬರಿನಲ್ಲಿ ಅವರ ಅರ್ಜಿ ಬಿದ್ದುಹೋಯಿತು. ನೀರಿಗಾಗಿ ಹೀಗೆ ಹನಿಹನಿಗೂ ಲೆಕ್ಕ ಕೇಳುವ ಎರಡು ಸರ್ಕಾರಗಳು ನೊರೆಯ ವಿಷಯದಲ್ಲಿ ಎಷ್ಟು ನಿರ್ಲಿಪ್ತವಾಗಿವೆ ನೋಡಿ. ‘ಇದು ನಮ್ಮ ಪಾಲು’ ಎಂದು ಒಬ್ಬರೂ ಹಕ್ಕು ಸಾಧಿಸಿಲ್ಲ. ಪೂರ್ತಿ ನಿಮಗೇ ಇರಲಿ ಎಂದು ಇವರು, ಬೇಡ ಬೇಡ ನೀವೇ ಇಟ್ಟುಕೊಳ್ಳಿ ಎಂದು ಅವರು. ಮದುವೆಮನೆಯಲ್ಲಿ ಹೋಳಿಗೆಯ ಕೊನೆಯ ತುಂಡಿಗೂ ಇಷ್ಟು ಉಪಚಾರ ನಡೆಯುವುದಿಲ್ಲ.

ಕೋಲಾರದವರು ಬೇಸರಿಸಬಾರದು. ಅವರಿಗೂ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ದಿನಕ್ಕೆ 440 ದಶಲಕ್ಷ ಲೀಟರ್, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೊಡುವ ಏರ್ಪಾಡಾಗಿದೆ. 2018ರ ಬೇಸಿಗೆ ಕಳೆದ ಹೊಸತರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ಅವರಿಗೂ ನೊರೆಯ ಉದ್ಘಾಟನಾ ಪ್ರದರ್ಶನ ಸಿಕ್ಕಿತ್ತು. ಜನ ಹೈಕೋರ್ಟಿಗೆ ಹೋಗಿ ಕೆಲಕಾಲ ತಡೆ ತಂದರು. ರಸಿಕತೆ ಎಲ್ಲರಿಗೂ ಬರುವುದಿಲ್ಲ.

ಆಡಳಿತದ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಯಾಕೆಂದರೆ ಖಾಸಗಿ ಪಾರ್ಕಿನವರು ಕಲಿಯಬೇಕಾದ್ದು ಇದನ್ನೇ. ಅವರಲ್ಲಿ ಒಬ್ಬ ಮ್ಯಾನೇಜರ್ ಇರುತ್ತಾನೆ. ನೀರಿನಲ್ಲಿ ಒಂದು ಹುಳು ಕಂಡರೂ ಜನ ಅವನ ಕಾಲರ್ ಹಿಡಿಯುತ್ತಾರೆ. ಕೆಲವರಪಳ್ಳಿಯಲ್ಲಿ ಆ ದೌರ್ಬಲ್ಯವಿಲ್ಲ. ಗೇಟು ಎತ್ತುವವರು ತಮಿಳುನಾಡಿನ ಜಲಸಂಪನ್ಮೂಲ ಇಲಾಖೆಯವರು, 44.28 ಅಡಿ ತುಂಬಿದರೆ ಎತ್ತಲೇಬೇಕು, ನೀರು ಎಂಥದ್ದೆಂದು ನೋಡುವುದು ಅವರ ಕೆಲಸವಲ್ಲ. ಎಂಥದ್ದೆಂದು ನೋಡುವವರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಬಾಟಲಿಗೆ ತುಂಬಿಕೊಂಡು ಹೋಗುತ್ತಾರೆ, ನೀರು ಬಂದದ್ದು ಮೇಲಿನಿಂದ ಎನ್ನುತ್ತಾರೆ. ಮೇಲೆ ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯೂ ಬಾಟಲಿ ತುಂಬುತ್ತದೆ. ಜಲಮಂಡಳಿ ಎಸ್‌ಟಿಪಿ ಕಟ್ಟುತ್ತದೆ, ಎಸ್‌ಟಿಪಿಗೆ ಬಾರದೆ ರಾಜಕಾಲುವೆಗೆ ಇಳಿದದ್ದು ಪಾಲಿಕೆಗೆ ಸೇರಿದ್ದು, ಕೆರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿದ್ದು. ಒಂದೇ ನೊರೆಗೆ ಇಷ್ಟು ಕಚೇರಿಗಳು ದುಡಿಯುತ್ತಿದ್ದರೂ ಒಬ್ಬರಿಗೂ ಇದು ನನ್ನದೆಂಬ ಅಹಂಕಾರವಿಲ್ಲ. ಭಗವದ್ಗೀತೆಯ ನಿಷ್ಕಾಮಕರ್ಮವನ್ನು ಸರ್ಕಾರಿ ಕಡತದಲ್ಲಿ ಕಾಣಬೇಕಾದರೆ ಈ ಕಡತ ತರಿಸಿ ನೋಡಬೇಕು.

ಇನ್ನು ಅತಿಥಿಗಳ ಅನುಭವ. ದಡದ ರೈತನೊಬ್ಬನನ್ನು ‘ಏನಣ್ಣಾ, ಈ ಸಲ ಹೆಂಗೈತೆ?’ ಎಂದು ಕೇಳಿ. ‘ಬೆಂಗ್ಳೂರಾಗೆ ಮಳೆ ಬಂತು ಅಂತ ನಮ್ಗೆ ಟೀವಿ ಹೇಳ್ಬೇಕಾಗಿಲ್ಲ ಸಾಮಿ, ಮೂಗೇ ಹೇಳ್ತೈತೆ’ ಎನ್ನುತ್ತಾನೆ. ಹವಾಮಾನ ಇಲಾಖೆಗೂ ಇಲ್ಲದ ಖಚಿತತೆ! ನೀರಿಗಿಳಿದವರಿಗೆ ಮನೆಗೆ ಹೋದ ಮೇಲೂ ಅನುಭವ ಮುಂದುವರಿಯುತ್ತದೆ. ಕಾಲಿನ ತುರಿಕೆ ಮಲಗುವ ಹೊತ್ತಿಗೂ ಪಾರ್ಕನ್ನು ನೆನಪಿಸುತ್ತದೆ. ಖಾಸಗಿಯವರು ಇದೇ ಪರಿಣಾಮಕ್ಕೆ ಫೋಟೊ ತೆಗೆದು, ಫ್ರೇಮು ಹಾಕಿ, ದುಡ್ಡು ಕೀಳುತ್ತಾರೆ. ಬರಲಾರದವರಿಗೆ ಮನೆಬಾಗಿಲ ಸೇವೆಯೂ ಉಂಟು: ಎಡ, ಬಲ ಕಾಲುವೆಗಳಲ್ಲಿ ಎಂಟು ಸಾವಿರ ಎಕರೆಯಷ್ಟು ಗದ್ದೆ ಹೊಲಗಳಿಗೆ ನೀರು ಹೋಗುತ್ತದೆ. ಅಲ್ಲಿ ಬೆಳೆದ ಸೊಪ್ಪು ಕೊತ್ತಂಬರಿ ಮುಂಜಾನೆಯ ಟೆಂಪೊ ಹತ್ತಿ ಬೆಂಗಳೂರಿನ ಮಾರುಕಟ್ಟೆಗೆ ವಾಪಸು ಬರುತ್ತವೆ; ನಾವು ಕಳಿಸಿದ್ದಕ್ಕೆ ಪ್ರತಿಯಾಗಿ ಅವರು ಬರಿಗೈಲಿ ಕೂರುವವರಲ್ಲ. ತಂದ ಸೊಪ್ಪನ್ನು ನಮ್ಮ ಮನೆಯಲ್ಲಿ, ತರಕಾರಿ ತೊಳೆಯಲೆಂದೇ ಅಂಗಡಿಯಲ್ಲಿ ಸಿಗುವ ಹೊಸ ಲಿಕ್ವಿಡ್ ಹಾಕಿ ಎರಡು ಸಲ ತೊಳೆದು, ಆ ನೀರನ್ನು ಸಿಂಕಿಗೆ ಬಿಡುತ್ತೇವೆ. ಸರಪಳಿ ತುಂಡಾಗುವುದೇ ಇಲ್ಲ.

ಸುರಕ್ಷತೆಗೆ ಒಂದು ಬ್ಯಾರಿಕೇಡ್, ನೊರೆ ತೀರಾ ಎತ್ತರವಾದ ದಿನ ಒಬ್ಬ ಪೊಲೀಸ್. ಸಾಕು. ಫುಡ್ ಕೋರ್ಟ್ ಇಲ್ಲ. ಆ ವಾಸನೆಯಲ್ಲಿ ಹಸಿವು ತಾನಾಗಿಯೇ ಶಮನವಾಗುವುದರಿಂದ ಕಟ್ಟಿದ್ದರೂ ನಷ್ಟವಾಗುತ್ತಿತ್ತು.

ವಿಸ್ತರಣೆಗೆ ಜಾಗದ ಚಿಂತೆಯೂ ಇಲ್ಲ. ಕೆಳಗೆ ಕೃಷ್ಣಗಿರಿ ಅಣೆಕಟ್ಟು ಇದೆ, ಕಾಮರಾಜರ ಕಾಲದ್ದು, ಅದರ ಪಕ್ಕದಲ್ಲಿ ಒಳ್ಳೆಯ ಪಾರ್ಕೂ ಮೀನು ಕರಿದು ಕೊಡುವ ಅಂಗಡಿಗಳೂ ಇವೆ. ಅದರ ಕೆಳಗೆ ಸಾತನೂರು. ಕೊನೆಗೆ ಕಡಲೂರಿನ ಸಮುದ್ರ. ಸಮುದ್ರಕ್ಕೆ ತನ್ನದೇ ನೊರೆ ಇರುವುದರಿಂದ ಅಲ್ಲಿ ಮಾತ್ರ ಸ್ಪರ್ಧೆ ಎದುರಿಸಬೇಕಾದೀತು.

ಬಾಕಿ ಉಳಿದಿರುವುದು ಒಂದೇ, ತೆರಿಗೆಯ ವಿಚಾರ. ವಾಟರ್ ಪಾರ್ಕುಗಳ ಪ್ರವೇಶದ ಮೇಲಿನ ಜಿಎಸ್‌ಟಿಯನ್ನು 2018ರ ಜನವರಿಯಲ್ಲಿ ಶೇ 28ರಿಂದ 18ಕ್ಕೆ ಇಳಿಸಿದರು, ಆದ್ದರಿಂದ ದರ ಸ್ಪಷ್ಟವಿದೆ. ಸರಕು ಒಂದು ರಾಜ್ಯದಿಂದ ಹೊರಟು ಇನ್ನೊಂದರಲ್ಲಿ ಅನುಭೋಗವಾಗುವುದರಿಂದ ಅಂತರರಾಜ್ಯ ತೆರಿಗೆಯೇ ಬೀಳಬೇಕು, ಅದರಲ್ಲೂ ಅನುಮಾನವಿಲ್ಲ. ಆದರೆ ಬಿಲ್ ಬರೆಯಲು ಕೂತ ಗುಮಾಸ್ತ ಮೊದಲ ಸಾಲಿನಲ್ಲಿ ‘ಪೂರೈಕೆದಾರರ ಹೆಸರು’ ಎಂಬಲ್ಲಿಗೆ ಬಂದು ಪೆನ್ನು ಕೆಳಗಿಟ್ಟಿದ್ದಾನೆ. ಜಲಮಂಡಳಿಗೆ ಒಂದು, ಪಾಲಿಕೆಗೆ ಒಂದು, ಎರಡೂ ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ ಒಂದೊಂದು ಪತ್ರ ಹೋಗಿದೆ, ಪ್ರತಿಯೊಬ್ಬರೂ ಅದನ್ನು ಮುಂದಿನವರಿಗೆ ಸೂಕ್ತ ಕ್ರಮಕ್ಕಾಗಿ ರವಾನಿಸಿದ್ದಾರೆ.