ಭಾವನ ಸೊಂಟಕ್ಕೆ ಯಾವ ಮದ್ದು?

ಇಲ್ಲ ಅಕ್ಕಾ, ಸಿಲಿಂಡರ್ ಎತ್ತಿ ಸೊಂಟ ಹಿಡ್ಕೊಂಡಿತು ಅಂತ ಭಾವನ್ನ ಹೀಗೆ ಮಲಗಿಸಿಬಿಡಬೇಡಿ. ಮಲಗಿದಲ್ಲೇ ಕಾಫಿ, ಮಲಗಿದಲ್ಲೇ ಊಟ ಅಂದ್ರೆ ಇನ್ನಷ್ಟು ಬಿಗೀತದೆ. ಫಿಸಿಯೋಥೆರಪಿ ಕೆಲಸ ಮಾಡಿದವಳು ನಾನು, ಕಂಡಿದ್ದನ್ನೇ ಹೇಳ್ತಿದೀನಿ. ಹೆಲ್ಸಿಂಕಿ ನಗರದ ನೌಕರರನ್ನ ಇಟ್ಕೊಂಡು ಪರೀಕ್ಷೆ ಮಾಡಿ 1995ರಲ್ಲಿ ಬರೆದಿದಾರೆ: ಕೆಲವರಿಗೆ ಎರಡು ದಿನ ಹಾಸಿಗೆ, ಕೆಲವರಿಗೆ ವ್ಯಾಯಾಮ, ಉಳಿದವರಿಗೆ ನೋವು ತಡೆಯೋವಷ್ಟು ಮಾಮೂಲಿ ಓಡಾಟ. ಬೇಗ ಸುಧಾರಿಸಿದ್ದು ಓಡಾಡಿದವರೇ.

ಒಂದು ಕೇಳ್ತೀನಿ, ಸಂಕೋಚ ಪಟ್ಕೋಬೇಡಿ. ಮೂತ್ರ ಕಟ್ಟಿಲ್ಲ ತಾನೆ? ಕೂರೋ ಜಾಗದಲ್ಲಿ ಜೋಮು? ಕಾಲು ಸೋತು ಚಪ್ಪಲಿ ಜಾರೋದು? ಜ್ವರ? ಇದರಲ್ಲಿ ಒಂದಿದ್ರೂ ನಾವಿಲ್ಲಿ ಮಾತಾಡ್ತಾ ನಿಲ್ಲೋ ಹಾಗಿಲ್ಲ, ಈಗಲೇ ಆಟೋ ಕರೀಬೇಕು. ಇಲ್ವಾ? ಸದ್ಯ.

ಹಾಗಿದ್ರೆ ಎಂ.ಆರ್.ಐ.ಗೂ ಅವಸರ ಬೇಡ. ರಿಪೋರ್ಟಲ್ಲಿ ಡಿಸ್ಕ್ ಉಬ್ಬಿದೆ ಅಂತ ಓದಿದ ಮೇಲೆ ಭಾವ ಬಗ್ಗೋದನ್ನೇ ಬಿಟ್ಟುಬಿಡ್ತಾರೆ. ನೋವೇ ಇಲ್ಲದ ಐವತ್ತರ ವಯಸ್ಸಿನವರಲ್ಲೂ 100ಕ್ಕೆ 60 ಜನಕ್ಕೆ ಹಾಗೆ ಕಾಣುತ್ತೆ. ತಲೆಗೂದಲು ನರೆತ ಹಾಗೆ ಅದು.

ಅತ್ತೆಯವರು ಹೇಳಿದ ಕಟಿ ಬಸ್ತಿನಾ? ಉದ್ದಿನ ಹಿಟ್ಟು ಕಲಸಿ ಸೊಂಟದ ಮೇಲೆ ದುಂಡಗೆ ಕಟ್ಟೆ ಕಟ್ತಾರೆ, ಒಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸ್ತಾರೆ. ಆರಿದ ಹಾಗೆಲ್ಲ ಹತ್ತಿ ಅದ್ದಿ ಹಿಂಡಿ ತೆಗೆದು ಮತ್ತೆ ಬಿಸಿ ಎಣ್ಣೆ ಬಿಡ್ತಾರೆ. ಆ ಕಾವು ಹಿತವಾಗೇ ಇರುತ್ತೆ, ಬೇಕಾದ್ರೆ ಮಾಡಿಸಿ. ಆದರೆ ತಿಂಗಳ ಪ್ಯಾಕೇಜು ಅಂತ ದುಡ್ಡು ಕಟ್ಟಬೇಡಿ. ಬಿಸಿನೀರಿನ ಚೀಲ ಮನೇಲೇ ಇದೆಯಲ್ಲ. ಕಾಲು ಮುಂದಾಗಿ ಹುಟ್ಟಿದವರ ಹತ್ರ ಒದೆಸೋದು ಮಾತ್ರ ಖಂಡಿತಾ ಬೇಡ, ಈ ವಯಸ್ಸಲ್ಲಿ ಮೂಳೆ ಹೇಗಿದೆಯೋ ಏನೋ.

ಆಪರೇಷನ್ ಮಾತು ಈಗ್ಯಾಕೆ ಬಂತು ಅಕ್ಕಾ? ಅದು ನೋವು ಕಾಲಿಗಿಳಿದು ಸಯಾಟಿಕಾ ಆಗಿ, ವಾರಗಟ್ಟಲೆ ಬಿಡದೇ ಇದ್ದವರ ಮಾತು. ಅಂಥವರಲ್ಲೂ ನೆದರ್ಲೆಂಡ್ಸ್‌ನಲ್ಲಿ ನೋಡಿ 2007ರಲ್ಲಿ ಬರೆದಿದಾರೆ. ಬೇಗ ಮಾಡಿಸಿಕೊಂಡವರಿಗೆ ಕಾಲುನೋವು ಬೇಗ ಇಳೀತು, ನಿಜ. ಕಾದವರಲ್ಲಿ 100ಕ್ಕೆ 39 ಜನ ಆಮೇಲೆ ಮಾಡಿಸಿಕೊಂಡರು, ಮಿಕ್ಕವರಿಗೆ ಆ ವರ್ಷ ಅದರ ಅಗತ್ಯವೇ ಬರಲಿಲ್ಲ. ವರ್ಷ ತುಂಬೋ ಹೊತ್ತಿಗೆ ಎರಡೂ ಕಡೆಯವರು ಹೆಚ್ಚುಕಮ್ಮಿ ಒಂದೇ ಥರ ಸುಧಾರಿಸಿದ್ದರು. ಭಾವನ ನೋವು ಇನ್ನೂ ಸೊಂಟ ದಾಟಿಲ್ಲ.

ನನಗೆ ಚಿಂತೆ ಇರೋದು ಇದು ಮರುಕಳಿಸೋದರ ಬಗ್ಗೆ. ಆಸ್ಟ್ರೇಲಿಯಾದಲ್ಲಿ ವಾಸಿಯಾದವರಿಗೆ ಫಿಸಿಯೋ ಕೈಲಿ ಹೇಳಿಸಿ, ದಿನಕ್ಕಿಷ್ಟು ಅಂತ ನಡಿಗೆ ಅಭ್ಯಾಸ ಮಾಡಿಸಿದರು. 2024ರಲ್ಲಿ ಅದರ ಫಲ ಬಂತು: ಅವರಿಗೆ ನೋವು ಮರಳೋದಕ್ಕೆ ನಡುಲೆಕ್ಕದಲ್ಲಿ 208 ದಿನ, ಉಳಿದವರಿಗೆ 112. ಇದಕ್ಕೆ ಚಪ್ಪಲಿ ಬಿಟ್ರೆ ಖರ್ಚೇನಿದೆ ಹೇಳಿ? ನಮ್ಮನೆಯವರು ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಗೆ ಹೋಗ್ತಾರೆ. ಕೂಗು ಹಾಕೋಕೆ ಹೇಳ್ತೀನಿ, ಭಾವನ್ನ ಕಳಿಸಿ. ಪೂರ್ತಿ ಸುತ್ತು ಬೇಡ, ಸಾಕು ಅನ್ನಿಸಿದಲ್ಲಿಂದ ಇಬ್ಬರೂ ವಾಪಸ್ ಬರಲಿ.