ಬಿಟ್ಟಿ ಅಭಿಪ್ರಾಯದ ಬಾಕಿ ಲೆಕ್ಕ

ಕೆಲವರಿಗೆ ಶುಗರ್, ಕೆಲವರಿಗೆ ಬಿ.ಪಿ., ನನಗೆ ಅಭಿಪ್ರಾಯ. ಒಂದು ಸಿನಿಮಾ ನೋಡಿ ಬಂದರೆ ಅದು ಹೇಗಿತ್ತು ಅಂತ ಯಾರಿಗಾದರೂ ಹೇಳುವ ತನಕ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಕೇಳಿದವರಿಗಷ್ಟೇ ಹೇಳಬೇಕು ಎಂಬ ಕಟ್ಟುಪಾಡೂ ನನಗಿಲ್ಲ. ಹಾಲಿನ ಬೂತಿನಲ್ಲಿ ಮುಂದೆ ನಿಂತವರು, ಸಿಟಿ ಬಸ್ಸಿನಲ್ಲಿ ಪಕ್ಕ ಕೂತವರು, ಸಿಲಿಂಡರ್ ಇಳಿಸಿ ಸಹಿಗೆ ಕಾಯುತ್ತಾ ನಿಂತ ಹುಡುಗ, ಎಲ್ಲರೂ ನನ್ನ ವಿಮರ್ಶೆಯ ಫಲಾನುಭವಿಗಳೇ.

ಇದು ಈ ನೆಲದ ಗುಣ ಅಂತ ನಾನು ವಾದಿಸುತ್ತಾ ಬಂದಿದ್ದೇನೆ. ತುಮಕೂರಿನ ನಮ್ಮ ಶೆಟ್ಟಿಹಳ್ಳಿಯಿಂದ ಸ್ಕೂಟರ್ ಹತ್ತಿದರೆ ಗುಬ್ಬಿ ಅರ್ಧ ಗಂಟೆ ದಾರಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕೈಗೆ ಬಂದ ಮೇಲೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು. ಆ ಚಿತ್ರದಿಂದಲೇ ತೆರೆಗೆ ಬಂದ ನರಸಿಂಹರಾಜು ನಮ್ಮ ತಿಪಟೂರಿನವರು. ಈಗಿನ ರಂಗಾಯಣ ರಘು ಪಾವಗಡದ ಕಡೆಯವರು. ಇಂಥ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಸಿನಿಮಾ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರು ಅನ್ನುವುದು, ಕ್ಯಾತ್ಸಂದ್ರದಲ್ಲಿ ಬಸ್ ಇಳಿದು ತಟ್ಟೆ ಇಡ್ಲಿ ತಿನ್ನದೆ ಬಾ ಅಂದ ಹಾಗೆ.

ಈ ವಾದ ನನ್ನ ಹೆಂಡತಿಯ ಮುಂದೆ ಒಂದು ದಿನವೂ ನಿಂತಿಲ್ಲ. ಟೀ ಅಂಗಡಿಯಲ್ಲಿ ಮಾತ್ರ ಬಹಳ ದಿನ ನಡೆಯಿತು. ಅಲ್ಲಿನ ಬೆಂಚೇ ನನ್ನ ಪೀಠ. ಬೈಟು ಟೀ ಮುಗಿಯುವಷ್ಟರಲ್ಲಿ ಎರಡು ಸಿನಿಮಾ ಪಾಸು, ಒಂದು ಫೇಲು ಮಾಡಿ ಎದ್ದು ಬರುತ್ತಿದ್ದೆ. ಅಭಿಪ್ರಾಯ ಹೇಳಿ ಮನೆಗೆ ಹೋಗಿ ಮಲಗಿದರೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಜನ ಅದನ್ನು ನಂಬಿ ಟಿಕೆಟ್ ತಗೊಳ್ಳುತ್ತಾರೆ ಎಂಬುದು ಹೊಳೆದೇ ಇರಲಿಲ್ಲ.

ಮೊದಲು ಸಿಕ್ಕಿಬಿದ್ದವರು ಪಿ.ಜಿ. ನಡೆಸುವ ಓನರು. 2023ರ ಜುಲೈನಲ್ಲಿ ಊರ ತುಂಬ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಪೋಸ್ಟರ್. ಅವರ ಬಿಲ್ಡಿಂಗಿನಲ್ಲಿ ಆಗ ಅರ್ಧ ರೂಮು ಖಾಲಿ. ತಮಗಿಂತ ಮುಂಚೆ ಯಾರೋ ಜಾಹೀರಾತು ಹಾಕಿಬಿಟ್ಟರು ಅಂತ ಅವರಿಗೆ ಕಸಿವಿಸಿ. ‘ಅದು ಸಿನಿಮಾ ಕಣ್ರೀ, ಹಾಸ್ಟೆಲ್ ಜೀವನ ಇದ್ದದ್ದು ಇದ್ದ ಹಾಗೆ ತೋರಿಸವ್ರೆ, ನಿಮ್ಮ ಹುಡುಗರನ್ನೆಲ್ಲ ಕರಕೊಂಡು ಹೋಗಿ’ ಅಂದೆ. ಪಾಪ, ಕೈಯಿಂದ ದುಡ್ಡು ಹಾಕಿ ಅಷ್ಟೂ ಜನರನ್ನು ಕರೆದುಕೊಂಡು ಹೋದರು. ಸಿನಿಮಾದಲ್ಲಿ ವಾರ್ಡನ್ ಸತ್ತು ಬಿದ್ದಿರುತ್ತಾನೆ. ಹುಡುಗರು ರಾತ್ರಿಯಿಡೀ ಹೆಣ ಸಾಗಿಸಲು ಒದ್ದಾಡುತ್ತಾರೆ. ನಾನು ನೋಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅವರ ಹುಡುಗರೂ ಹಾಗೇ ನಕ್ಕರಂತೆ, ಅದೂ ಓನರ್ ಮುಖವನ್ನೇ ನೋಡಿ ನೋಡಿ. ಅವತ್ತಿನಿಂದ ಅವರು ರಾತ್ರಿ ಹತ್ತರ ಮೇಲೆ ಪಿ.ಜಿ. ಕಡೆ ತಲೆ ಹಾಕಿಲ್ಲ. ವಾಚ್‌ಮನ್ ಇಟ್ಟರು. ಅವನ ಸಂಬಳ ನನ್ನ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ಅದರ ಮಾರನೇ ತಿಂಗಳು ಮುಗಿಯುತ್ತಲೇ ‘ಸಪ್ತ ಸಾಗರದಾಚೆ ಎಲ್ಲೋ’ ಬಂತು. ಮುಂದಿನ ಕ್ರಾಸಿನ ಹುಡುಗನಿಗೆ ಆಗಷ್ಟೇ ನಿಶ್ಚಿತಾರ್ಥ ಆಗಿತ್ತು. ಹುಡುಗಿಯನ್ನು ಯಾವುದಕ್ಕೆ ಕರಕೊಂಡು ಹೋಗಲಿ ಅಂತ ಬಂದು ಕೇಳಿದ. ‘ಒಳ್ಳೇ ಲವ್ ಸ್ಟೋರಿ, ಸಮುದ್ರ, ಹಾಡು, ರುಕ್ಮಿಣಿ ವಸಂತ್ ನಗು, ಇನ್ನೇನು ಬೇಕು’ ಅಂದೆ. ಕಥೆಯಲ್ಲಿ ಹೀರೊ ಒಬ್ಬ ಶ್ರೀಮಂತರ ಮನೆ ಡ್ರೈವರ್. ಯಜಮಾನರ ಮಗ ಮಾಡಿದ ಆಕ್ಸಿಡೆಂಟನ್ನು ದುಡ್ಡಿನ ಆಸೆಗೆ ತನ್ನ ತಲೆಗೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ನಮ್ಮ ಹುಡುಗನೂ ಬೆಂಗಳೂರಿನ ಒಬ್ಬ ಉದ್ಯಮಿಯ ಕಾರು ಓಡಿಸುತ್ತಿದ್ದಾನೆ ಎಂಬುದು ನನ್ನ ತಲೆಯಲ್ಲಿ ಇರಲೇ ಇಲ್ಲ. ಭಾನುವಾರ ಬೆಳಗ್ಗೆ ಹುಡುಗಿಯ ತಂದೆ ಬಂದೇ ಬಿಟ್ಟರು. ‘ನಿಮ್ಮ ಯಜಮಾನರಿಗೆ ಗಂಡುಮಕ್ಕಳು ಎಷ್ಟಪ್ಪಾ? ಅವರಿಗೆ ಲೈಸೆನ್ಸ್ ಐತಾ?’ ನವೆಂಬರ್‌ನಲ್ಲಿ ಸೈಡ್ ಬಿ ಬರುವಷ್ಟರಲ್ಲಿ ಹುಡುಗ ಆ ಕೆಲಸ ಬಿಟ್ಟು ಆಟೊ ತಗೊಂಡಿದ್ದ. ಈಗಲೂ ನನ್ನನ್ನು ಕಂಡರೆ ಮೀಟರ್ ಮೇಲೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳುತ್ತಾನೆ. ನಾನೂ ಕೊಡುತ್ತೇನೆ.

ಇನ್ನು ಹಿಂದಿನ ಬೀದಿಯ ಅಜ್ಜಿ. ಏಕಾದಶಿ ತಪ್ಪಿಸದವರು, ಬೆಳ್ಳುಳ್ಳಿ ಮುಟ್ಟದವರು. 2024ರ ಫೆಬ್ರವರಿಯಲ್ಲಿ ಅವರಿಗೆ ನಾನಾಗಿಯೇ ಹೋಗಿ ಹೇಳಿದೆ: ‘ಅಜ್ಜೀ, ಶಾಖಾಹಾರಿ ಅಂತ ಒಂದು ಸಿನಿಮಾ ಬಂದಿದೆ. ಮಲೆನಾಡಿನ ಹೋಟೆಲು, ಅಡುಗೆ ಭಟ್ಟರ ಪಾತ್ರ ನಮ್ಮ ರಂಗಾಯಣ ರಘು ಅವರದ್ದು. ಎಷ್ಟು ಪಾತ್ರ ಮಾಡಿದ್ದರೂ ಇದೇ ಬೇರೆ.’ ಕೊನೆಯ ಮಾತು ಈಗಲೂ ಸತ್ಯವೇ. ಅಜ್ಜಿ ಇಡೀ ಭಜನೆ ಮಂಡಳಿಯನ್ನು ಹೊರಡಿಸಿಕೊಂಡು ಹೋದರು. ಹೋಟೆಲಿನ ಅಡುಗೆಮನೆಯಲ್ಲಿ ಹೆಣ ಬೀಳುವ ತನಕ ಎಲ್ಲ ಸರಿಯಾಗಿಯೇ ಇತ್ತಂತೆ.

ಮರುದಿನ ಗೇಟಿನ ಹತ್ತಿರವೇ ನನ್ನನ್ನು ಹಿಡಿದರು. ‘ಏನಪ್ಪಾ, ಶಾಖಾಹಾರಿ ಅಂದ್ಯಲ್ಲ, ಒಂದು ಕೋಸಂಬರಿನಾದ್ರೂ ನೆಟ್ಟಗೆ ತೋರಿಸಿದ್ರಾ?’ ಭಜನೆ ಮಂಡಳಿಗೆ ಪ್ರತಿ ಶನಿವಾರ ಮೂಲೆಯ ಹೋಟೆಲಿನಿಂದ ಹೋಗುತ್ತಿದ್ದ ಉಪ್ಪಿಟ್ಟು ಕೇಸರಿಬಾತಿನ ಆರ್ಡರ್ ಅವತ್ತಿಗೇ ನಿಂತುಹೋಯಿತು. ಆ ಹೋಟೆಲಿನವರು ಸಿನಿಮಾನೇ ನೋಡಿಲ್ಲ. ಆದರೂ ನಷ್ಟ ಪರಿಹಾರ ಕೇಳುವವರ ಪಟ್ಟಿಯಲ್ಲಿ ಅವರ ಹೆಸರೇ ಮೊದಲು.

ಮನೆಯೊಳಗೂ ನನಗೆ ಕ್ಷೇಮವಿರಲಿಲ್ಲ. ‘ಲಾಫಿಂಗ್ ಬುದ್ಧ’ ನೋಡಿ ಬಂದು ಪ್ರಮೋದ್ ಶೆಟ್ಟಿ ಅವರ ಪಾತ್ರವನ್ನು ಹೆಂಡತಿಯ ಮುಂದೆ ಬಾಯ್ತುಂಬ ಹೊಗಳಿದೆ. ಡೊಳ್ಳು ಹೊಟ್ಟೆಯ ಕಾನ್‌ಸ್ಟೆಬಲ್, ತೂಕ ಇಳಿಸದಿದ್ದರೆ ಕೆಲಸಕ್ಕೇ ಕುತ್ತು. ಆಕೆ ಗಮನವಿಟ್ಟು ಕೇಳಿದಳು. ನಡುವೆ ಎರಡು ಸಲ ನನ್ನ ಷರ್ಟಿನ ಗುಂಡಿ ನೋಡಿದಳು. ಅಂದಿನಿಂದ ರಾತ್ರಿ ಊಟಕ್ಕೆ ರಾಗಿ ಗಂಜಿ.

ಎಲ್ಲಕ್ಕೂ ಕಳಶವಿಟ್ಟದ್ದು ‘ಯುಐ’. 2024ರ ಡಿಸೆಂಬರ್ 20, ಉಪೇಂದ್ರ ಅವರ ಸಿನಿಮಾ, ಫಸ್ಟ್ ಡೇ. ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರನ್ನು ‘ತಲೆಗೆ ಕೆಲಸ ಇರುತ್ತೆ, ಬನ್ನಿ ಸಾರ್’ ಎಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ದೀಪ ಆರಿತು, ಶಿಳ್ಳೆ ಎದ್ದಿತು. ಶುರುವಿನಲ್ಲೇ ಪರದೆ ಮೇಲೆ ಒಂದು ಸೂಚನೆ: ಬುದ್ಧಿವಂತರಾದರೆ ಈಗಲೇ ಎದ್ದು ಹೋಗಿ, ದಡ್ಡರಾದರೆ ಪೂರ್ತಿ ನೋಡಿ ಎಂಬರ್ಥದ್ದು. ಜನ ಕೇಕೆ ಹಾಕಿದರು. ನಾನೂ ಹಾಕಿದೆ. ಪಕ್ಕಕ್ಕೆ ತಿರುಗಿದರೆ ಮೇಷ್ಟ್ರು ಶಾಲು ಕೊಡವಿಕೊಂಡು ಎದ್ದು ನಿಂತಿದ್ದಾರೆ.

‘ಸಾರ್, ಅದು ತಮಾಷೆಗೆ.’

‘ತಮಾಷೆ ಏನಯ್ಯಾ? ಸ್ಪಷ್ಟವಾಗಿ ಬರೆದವ್ರೆ. ನಡಿ.’

ಹಿಂದಿನಿಂದ ‘ಯಜಮಾನ್ರೇ, ಕೂತ್ಕಳಿ’ ಎಂದು ಕೂಗು. ಎದ್ದರೆ ಟಿಕೆಟ್ ದುಡ್ಡು ಹೋಗುತ್ತದೆ, ಕೂತರೆ ಮೇಷ್ಟ್ರ ಕಣ್ಣಲ್ಲಿ ಮಾನ ಹೋಗುತ್ತದೆ. ದುಡ್ಡು ಈಗಾಗಲೇ ಕೊಟ್ಟಾಗಿತ್ತು, ಮಾನದ್ದು ಆಮೇಲೆ ನೋಡಿಕೊಂಡರಾಯಿತು ಅಂತ ಕೂತೆ. ಮೇಷ್ಟ್ರು ಸಾಲಿನವರ ಕಾಲೆಲ್ಲ ತುಳಿದುಕೊಂಡು ಗಂಭೀರವಾಗಿ ಹೊರನಡೆದರು. ಆಟೊ ಹತ್ತಿ ಮನೆ ಸೇರಿರುತ್ತಾರೆ ಅಂದುಕೊಂಡು ಪೂರ್ತಿ ಸಿನಿಮಾ ನೋಡಿ ಬಂದರೆ, ಸ್ಟ್ಯಾಂಡಿನಲ್ಲಿ ನನ್ನ ಸ್ಕೂಟರಿನ ಮೇಲೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾರೆ. ಸಿಪ್ಪೆಯ ಗುಡ್ಡ ನೋಡಿದರೆ ಇಂಟರ್‌ವಲ್‌ಗೂ ಮುಂಚಿನಿಂದ ಅದೇ ಕೆಲಸ.

‘ಏನರ್ಥ ಆಯ್ತಯ್ಯಾ?’

‘ಇನ್ನೊಂದು ಸಲ ನೋಡಬೇಕು ಸಾರ್.’

‘ಹಂಗಾದ್ರೆ ಬರೆದಿದ್ದು ಸರಿಯಾಗೇ ಐತೆ ಬಿಡು.’

ಈ ಸಂಭಾಷಣೆ ಮರುದಿನ ಬೆಳಗ್ಗೆ ಟೀ ಅಂಗಡಿಯಲ್ಲಿ ನನಗಿಂತ ಮುಂಚೆ ಹೋಗಿ ಕೂತಿತ್ತು. ‘ಇನ್ನು ಸಿನಿಮಾ ಬಗ್ಗೆ ಒಂದು ಮಾತಾಡಿದರೆ ಗಂಜಿಗೆ ಉಪ್ಪೂ ಹಾಕಲ್ಲ’ ಅಂದಳು ಹೆಂಡತಿ. ಬಾಯಿಗೆ ಬೀಗ ಬಿತ್ತು.

ಹಾಗೆ ನಾನು ಮೌನವ್ರತದಲ್ಲಿ ಇರುವಾಗಲೇ, 2025ರ ಜುಲೈ 25ಕ್ಕೆ ‘ಸು ಫ್ರಮ್ ಸೋ’ ಬರಬೇಕೆ? ಜೆ.ಪಿ. ತುಮಿನಾಡ್ ಅವರ ಮೊದಲ ನಿರ್ದೇಶನ, ರಾಜ್ ಬಿ. ಶೆಟ್ಟಿ ಅವರ ನಿರ್ಮಾಣ. ಕರಾವಳಿಯ ಹಳ್ಳಿಯಲ್ಲಿ ಪೇಚಿಗೆ ಸಿಕ್ಕಿದ ಹುಡುಗನೊಬ್ಬ ಮೈಮೇಲೆ ಸುಲೋಚನ ಎಂಬವಳ ದೆವ್ವ ಬಂದ ಹಾಗೆ ಆಡುತ್ತಾನೆ, ಊರಿಗೆ ಊರೇ ನಂಬುತ್ತದೆ. ದೊಡ್ಡ ಸ್ಟಾರ್ ಇಲ್ಲ, ಭಾರೀ ಪ್ರಚಾರ ಇಲ್ಲ. ಬಾಯಿಂದ ಬಾಯಿಗೆ ಹಬ್ಬಿಯೇ ನೂರು ಕೋಟಿ ದಾಟಿತು. ಆ ಬಾಯಿಗಳಲ್ಲಿ ನನ್ನದೊಂದು ಇರಲಿಲ್ಲ. ಶೆಟ್ಟಿಹಳ್ಳಿಯ ನಮ್ಮ ಬಳಗಕ್ಕೆ ಸುದ್ದಿ ತಡವಾಗಿ ಮುಟ್ಟಿತು, ಅಷ್ಟರಲ್ಲಿ ಎಲ್ಲ ಕಡೆ ಹೌಸ್‌ಫುಲ್. ಮುಂದಿನ ಸಾಲಿನಲ್ಲಿ ಕತ್ತೆತ್ತಿ ನೋಡಿ ಕುತ್ತಿಗೆ ಹಿಡಿಸಿಕೊಂಡು ಬಂದ ಪಿ.ಜಿ. ಓನರು ಟವೆಲ್ ಸುತ್ತಿಕೊಂಡೇ ಜಗಳಕ್ಕೆ ನಿಂತರು. ‘ಬ್ಯಾಡದ್ದಕ್ಕೆಲ್ಲ ಮನೆ ಬಾಗಿಲಿಗೆ ಬಂದು ಹೇಳ್ತಿದ್ರಿ, ಒಳ್ಳೇದು ಬಂದಾಗ ಮಾತ್ರ ಉಸಿರೇ ಬಿಡಲಿಲ್ವಲ್ರೀ!’

ಕಡೆಗೆ ನನಗೂ ಟಿಕೆಟ್ ಸಿಕ್ಕಿತು. ಅಷ್ಟರಲ್ಲಿ ಸಿನಿಮಾದ ಪ್ರತಿ ಜೋಕನ್ನೂ ಒಬ್ಬೊಬ್ಬರು ನನಗೆ ಹೇಳಿ ಮುಗಿಸಿದ್ದರು. ಜೊತೆಗೆ ಬಂದಿದ್ದ ಟೀ ಅಂಗಡಿಯವನು ಎರಡನೇ ಸಲ ನೋಡುತ್ತಿದ್ದ. ನಗು ಬರುವುದಕ್ಕೆ ಎರಡು ಸೆಕೆಂಡ್ ಮುಂಚೆಯೇ ಮೊಣಕೈಯಲ್ಲಿ ತಿವಿದು ‘ಈಗ ನೋಡಿ ಸಾರ್’ ಅನ್ನುವನು. ಸಿನಿಮಾ ಚೆನ್ನಾಗಿತ್ತು. ಎಡಪಕ್ಕೆ ನಾಲ್ಕು ದಿನ ನೋಯಿತು.

ನೋಡಿ ಬಂದವನಿಗೆ ವ್ರತ ನಿಲ್ಲಲಿಲ್ಲ. ‘1934ರ ಮಾರ್ಚ್ 3ರಂದು ಬಂದ ಕನ್ನಡದ ಮೊದಲ ಟಾಕಿ ಸತಿ ಸುಲೋಚನ. ಅಂದರೆ ನಮ್ಮ ಸಿನಿಮಾ ಬಾಯಿಬಿಟ್ಟಿದ್ದೇ ಸುಲೋಚನೆಯಿಂದ. 91 ವರ್ಷ ಬಿಟ್ಟು ಇನ್ನೊಬ್ಬಳು ಸುಲೋಚನ ದೆವ್ವವಾಗಿ ಬಂದು ಗಲ್ಲಾಪೆಟ್ಟಿಗೆ ತುಂಬಿಸಿದಳು’ ಅಂದೆ. ನನ್ನ ಇಷ್ಟು ವರ್ಷದ ವಿಮರ್ಶಾ ಜೀವನದಲ್ಲಿ ಬೆಂಚಿನ ಮೇಲೆ ಹೇಳಿದ ಅತಿ ಚಂದದ ಮಾತು ಅದು. ಮೇಷ್ಟ್ರು ಟೀ ಲೋಟ ಕೆಳಗಿಟ್ಟು, ‘ಮತ್ತೆ ಶುರುವಾಯ್ತು. ಇವನ ಹಳೇ ಬಾಕಿ ಚುಕ್ತಾ ಮಾಡಿಸ್ರಯ್ಯಾ ಮೊದಲು’ ಅಂದರು.

ಸೆಪ್ಟೆಂಬರ್ ಕೊನೆಯ ಭಾನುವಾರ ಪಂಚಾಯ್ತಿ ಸೇರಿತು. ಟೀ ಅಂಗಡಿಯವನು ಸಾಲದ ನೋಟ್‌ಬುಕ್ಕಿನ ಹಿಂದಿನ ಹಾಳೆಯಿಂದ ಓದಿದ: ಟಿಕೆಟ್ಟು, ಪಾಪ್‌ಕಾರ್ನು, ವಾಚ್‌ಮನ್ ಸಂಬಳ, ಕೇಸರಿಬಾತು, ಕುತ್ತಿಗೆಗೆ ಹಚ್ಚಿದ ಮುಲಾಮು. ನನಗೂ ಕಾನೂನು ಗೊತ್ತಿತ್ತು. ‘ಇದೇ ತಿಂಗಳು ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ಆದೇಶ ಹೊರಡಿಸಿದೆ. ಅದಕ್ಕಿಂತ ಒಂದು ಪೈಸೆ ಹೆಚ್ಚಿಗೆ ಕೊಡಲ್ಲ’ ಅಂದೆ. ಆಟೊ ಹುಡುಗ ಬೀಡಿ ಹಚ್ಚುತ್ತಾ ಶಾಂತವಾಗಿ ಹೇಳಿದ: ‘ಅದಕ್ಕೆ ಹೈಕೋರ್ಟು ಸ್ಟೇ ಕೊಟ್ಟೈತೆ ಕಣಣ್ಣ.’

ದಾರಿ ತೋರಿಸಿದವರು ಮೇಷ್ಟ್ರೇ. ಜಾತ್ರೆಗೆ ‘ಕುರುಕ್ಷೇತ್ರ’ ನಾಟಕ ಆಡುವುದೆಂದು ತೀರ್ಮಾನವಾಗಿತ್ತು. ನಮ್ಮ ಕಡೆಯ ಪೌರಾಣಿಕ ನಾಟಕದ ಅರ್ಥಶಾಸ್ತ್ರ ಸಿನಿಮಾಕ್ಕೆ ಪೂರ್ತಿ ಉಲ್ಟಾ. ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು, ನೋಡುವವರಿಗೆ ಪುಕ್ಕಟೆ. ಕೃಷ್ಣ, ದುರ್ಯೋಧನ, ಭೀಮನ ಪಾತ್ರಗಳಿಗೆ ಕಿತ್ತಾಟ, ರೇಟೂ ಹಾಗೇ. ಉಳಿದದ್ದು ವಿದುರ. ‘ಯಾರೂ ಕೇಳದಿದ್ರೂ ಬುದ್ಧಿ ಹೇಳ್ತಾನೇ ಇರೋ ಪಾತ್ರ, ನಿನಗೆ ಹೇಳಿ ಮಾಡಿಸಿದಂಗೈತೆ’ ಅಂದರು. ವಿದುರನ ದುಡ್ಡು ಕಟ್ಟಿದರೆ ಹಳೇ ಬಾಕಿ ವಜಾ ಎಂದು ಒಪ್ಪಂದವಾಯಿತು.

ಹಾರ್ಮೋನಿಯಂ ಮೇಷ್ಟ್ರು ಎರಡು ತಿಂಗಳು ಮಟ್ಟು ಕಲಿಸಿದರು. ಜಾತ್ರೆಯ ರಾತ್ರಿ ಹತ್ತಕ್ಕೆ ನಾಟಕ ಶುರು. ಬಾಡಿಗೆ ಕಿರೀಟ ನನ್ನ ತಲೆಗಿಂತ ಎರಡು ಸುತ್ತು ದೊಡ್ಡದು, ತಲೆ ಬಗ್ಗಿಸಿದರೆ ಮೂಗಿನ ತನಕ ಇಳಿಯುತ್ತಿತ್ತು. ವಿದುರನ ಮನೆಗೆ ಕೃಷ್ಣ ಬರುವ ಸೀನು. ಭಕ್ತಿಪರವಶನಾಗಿ ಓಡಿ ಹೋಗಿ ಪಾದಕ್ಕೆ ಬೀಳಬೇಕು. ಕಿರೀಟ ಕಣ್ಣು ಮುಚ್ಚಿತು, ಪಾದ ಸಿಕ್ಕಿತು, ಗಟ್ಟಿಯಾಗಿ ಹಿಡಿದು ಕಂದಪದ್ಯ ಎತ್ತಿಕೊಂಡೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಕಿರೀಟ ಸರಿಸಿ ನೋಡಿದರೆ, ಕೃಷ್ಣನಿಗೆ ನೋಟಿನ ಹಾರ ಹಾಕಲು ಸ್ಟೇಜ್ ಹತ್ತಿದ್ದ ಪಿ.ಜಿ. ಓನರ್ ಕಾಲು! ಅವರು ಗಾಬರಿಯಲ್ಲಿ ಹಾರವನ್ನು ನನ್ನ ಕೊರಳಿಗೇ ಹಾಕಿ ಇಳಿದುಹೋದರು. ‘ಒನ್ಸ್ ಮೋರ್!’ ಅಂತ ಕೂಗಿದ್ದು ನನ್ನ ಹೆಂಡತಿ.

ಬೆಳಕು ಹರಿಯುವ ಹೊತ್ತಿಗೆ ಮಂಗಳ. ಬಣ್ಣ ಒರೆಸಿಕೊಳ್ಳುತ್ತಾ ಕೂತಿದ್ದೆ. ಕಂಬಳಿ ಹೊದ್ದು ರಾತ್ರಿಯಿಡೀ ನೋಡಿದ ಅಜ್ಜಿ ಸ್ಟೇಜಿನ ಹಿಂದಕ್ಕೇ ಬಂದರು. ನಾನು ಎದ್ದು ನಿಂತು, ‘ಹೆಂಗಿತ್ತು ಅಜ್ಜೀ?’ ಅಂದೆ.

‘ರಾಯಭಾರದ ಸೀನ್‌ನಾಗೆ ಒಂದು ಗಂಟೆ ಬಾಯೇ ಬಿಡದಂಗೆ ನಿಂತಿದ್ಯಲ್ಲಪ್ಪಾ, ಅದು ಚೆನ್ನಾಗಿತ್ತು’ ಅಂದರು ಅಜ್ಜಿ. ‘ಮುಂದಿನ ವರ್ಷ ಪೂರಾ ಹಂಗೇ ಮಾಡು.’