ರಿಟ್ರೈ ರಾಯರು

ಲಿಫ್ಟಿನ ಗುಂಡಿಯನ್ನು ಒಂದೇ ಸಲ ಒತ್ತಿ ತೆಪ್ಪಗೆ ನಿಲ್ಲುವ ಪೈಕಿ ಅಲ್ಲ ನಮ್ಮ ರಾಯರು. ಏಳು ಸಲ ಒತ್ತುತ್ತಾರೆ. ಲಿಫ್ಟು ಬಂದದ್ದು ಏಳನೆಯದಕ್ಕೇ ಎಂಬುದು ಅವರ ಸಿದ್ಧಾಂತ. ಊರಿನಲ್ಲಿರುವ ತಾಯಿಗೆ ಫೋನ್ ಹಚ್ಚಿದರೆ, ಆಕೆ ಒಗ್ಗರಣೆ ಇಳಿಸಿ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಒಂಬತ್ತು ಮಿಸ್ಡ್ ಕಾಲ್. "ಏನೋ ಅನಾಹುತ ಆಯ್ತು ಅಂದ್ಕೊಂಡೆ ಕಣೋ" ಎಂದು ಆಕೆ ಎದೆ ಹಿಡಿದುಕೊಂಡರೆ, "ಏನಿಲ್ಲಮ್ಮ, ತಿಂಡಿ ಆಯ್ತಾ ಅಂತ" ಎನ್ನುತ್ತಾರೆ. ಅವರ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ನಮ್ಮ ಆಫೀಸಿಗೆಲ್ಲ ಅವರು ರಿಟ್ರೈ ರಾಯರು.

ಈ ಗುಣ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಕೌಂಟರುಗಳು ಕಲಿಸಿದ್ದು. ತಂದೆಯ ಜಮೀನಿನ ಖಾತೆ ಬದಲಾವಣೆಗೆಂದು ಹಿಂದೊಮ್ಮೆ ಒಂದು ಕಚೇರಿಗೆ ಹನ್ನೊಂದು ಸಲ ಅಲೆದಿದ್ದರಂತೆ. ಹತ್ತು ಸಲ "ನಾಳೆ ಬನ್ನಿ". ಹನ್ನೊಂದನೆಯ ಸಲ ಗುಮಾಸ್ತರೇ ಬೇಸತ್ತು ಫೈಲು ತೆಗೆದರು. "ನೋಡ್ರಿ, ಜಗತ್ತಿನಲ್ಲಿ 'ಇಲ್ಲ' ಅನ್ನೋ ಉತ್ತರವೇ ಇಲ್ಲ. 'ಇನ್ನೂ ಸಾಲದು' ಅಂತಷ್ಟೇ ಇರೋದು" ಎಂದು ಅವತ್ತಿನಿಂದ ಅವರ ವೇದಾಂತ.

ಈ ವೇದಾಂತವನ್ನು ಅವರು ಕೋಡಿಗೂ ಇಳಿಸಿದರು. ಕೊರಿಯರಿನವರ ಸರ್ವರಿನಿಂದ 4000 ಪಾರ್ಸೆಲ್‌ಗಳು ಎಲ್ಲೆಲ್ಲಿವೆ ಎಂದು ಎಪಿಐ ಮೂಲಕ ಕೇಳಿ ತರುವ ಕೆಲಸ ಅವರ ಪಾಲಿಗೆ ಬಂತು. ಒಂದು ಕೀಗೆ, ಅಂದರೆ ಅವರು ಕೊಟ್ಟ ಗುರುತಿನ ಸಂಕೇತಕ್ಕೆ, ನಿಮಿಷಕ್ಕೆ 60 ರಿಕ್ವೆಸ್ಟ್ ಎಂಬುದು ಅಲ್ಲಿನ ನಿಯಮ. ನಿಧಾನಕ್ಕೆ ಕೇಳಿದ್ದರೆ ಒಂದು ಗಂಟೆ ಏಳು ನಿಮಿಷದಲ್ಲಿ ಮುಗಿಯುತ್ತಿತ್ತು. ರಾಯರ ಪ್ರೋಗ್ರಾಂ ಹತ್ತು ಕಡೆಯಿಂದ ಒಟ್ಟಿಗೇ ನುಗ್ಗಿತು. ಸರ್ವರು 429 ಎಂದಿತು. ಪ್ರೋಗ್ರಾಂ ಕಣ್ಣು ಮಿಟುಕಿಸದೆ ಮತ್ತೆ ಕೇಳಿತು. ಮತ್ತೆ 429. ಪರದೆಯ ಮೇಲೆ ಕೆಂಪು ಸಾಲುಗಳು ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ ಓಡತೊಡಗಿದವು.

429 ಎಂದರೆ 'ಅತಿಯಾಯ್ತು ನಿಮ್ಮ ರಿಕ್ವೆಸ್ಟು' ಎಂದರ್ಥ. ಈ ನಂಬರು ವೆಬ್ಬಿನ ನಿಯಮಾವಳಿಗೆ ಅಧಿಕೃತವಾಗಿ ಸೇರಿದ್ದು 2012ರಲ್ಲಿ. ಅದಕ್ಕೂ ಮೊದಲು ಟ್ವಿಟರಿನವರು ಇದೇ ಕೆಲಸಕ್ಕೆ 420 ಎಂಬ ನಂಬರು ಬಳಸುತ್ತಿದ್ದರು. ಆ ಕಾಲದಲ್ಲಿ ರಾಯರು ಅಲ್ಲಿಗೂ ಹೀಗೇ ನುಗ್ಗಿ ಅದನ್ನು ಪಡೆದಿದ್ದರು. "ಹೆಚ್ಚು ಸಲ ಕೇಳಿದ್ದಕ್ಕೆ ನನ್ನನ್ನೇ ಫೋರ್ ಟ್ವೆಂಟಿ ಅಂತಾನಲ್ರೀ!" ಎಂಬ ಅವತ್ತಿನ ಗಾಯ ಇನ್ನೂ ಮಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸದಾಗಿ ಸೇರಿದ್ದ ಹಾಸನದ ಕಡೆಯ ಹುಡುಗಿ ಅವರ ಪರದೆಗೆ ಇಣುಕಿದಳು.

"ಸಾರ್, ಉತ್ತರದ ತಲೆಯಲ್ಲಿ ಒಂದು ಸಾಲು ಇದೆಯಲ್ಲ, ರಿಟ್ರೈ-ಆಫ್ಟರ್ 60 ಅಂತ. ಅರವತ್ತು ಸೆಕೆಂಡು ಬಿಟ್ಟು ಬನ್ನಿ ಅಂತ ಅವರೇ ಹೇಳಿದ್ದಾರೆ."

"ನಾಳೆ ಬನ್ನಿ ಅನ್ನೋರನ್ನ ನಾನು ಬೇಕಾದಷ್ಟು ನೋಡಿದೀನಮ್ಮ."

"ನಮ್ಮಜ್ಜಿ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿದ್ರಂತೆ ಸಾರ್. ರಾತ್ರಿ ಬಂದ ದೆವ್ವ ಅದನ್ನ ಓದ್ಕೊಂಡು ವಾಪಸ್ ಹೋಗ್ತಿತ್ತಂತೆ."

"ನನ್ನ ದೆವ್ವಕ್ಕೆ ಹೋಲಿಸ್ತೀಯಾ?"

"ಅಯ್ಯೋ, ಇಲ್ಲ ಸಾರ್. ದೆವ್ವ ಓದ್ತಿತ್ತು."

ರಾಯರಿಗೆ ಅದು ನಾಟಿತು. ಹತ್ತೂ ಕಡೆ ಅರವತ್ತು ಸೆಕೆಂಡಿನ ನಿದ್ದೆ ಬರೆದರು. ಅರವತ್ತಾಗುತ್ತಲೇ ಹತ್ತೂ ಒಟ್ಟಿಗೆ ಎದ್ದು, ಸ್ಕೂಲಿನ ಮಧ್ಯಾಹ್ನದ ಗಂಟೆ ಹೊಡೆದಾಗ ತಟ್ಟೆ ಹಿಡಿದ ಮಕ್ಕಳ ಹಾಗೆ ಬಾಗಿಲಿಗೆ ನುಗ್ಗಿದವು. ಮತ್ತೆ 429. ಹುಡುಗಿ ಬಿಡಿಸಿ ಹೇಳಿದಳು: ಹತ್ತಕ್ಕೂ ಸೇರಿ ಒಂದೇ ಲೆಕ್ಕ ಇಡಬೇಕು, ಸೆಕೆಂಡಿಗೆ ಒಂದರಂತೆ ಬಿಡಬೇಕು. ಸರ್ವರಿನವರು ಬೇಡ ಅಂದರೆ ಅವರು ಹೇಳಿದಷ್ಟು ಹೊತ್ತು ಕಾಯಬೇಕು. ಎಷ್ಟು ಹೊತ್ತು ಅಂತ ಹೇಳದಿದ್ದರೆ ಒಂದು ಸೆಕೆಂಡು, ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ ದುಪ್ಪಟ್ಟು ಮಾಡುತ್ತ ಹೋಗಬೇಕು. ಅದರ ಮೇಲೂ ಒಬ್ಬೊಬ್ಬರಿಗೆ ಒಂದಿಷ್ಟು ಹೆಚ್ಚುಕಡಿಮೆ ಸೇರಿಸಬೇಕು, ಎಲ್ಲರೂ ಒಂದೇ ಗಳಿಗೆಗೆ ಎದ್ದು ಬಾರದ ಹಾಗೆ.

ರಾಯರು ಹಲ್ಲು ಕಚ್ಚಿಕೊಂಡು ಎಲ್ಲ ಬರೆದರು. ಪ್ರೋಗ್ರಾಂ ಸಂಭಾವಿತನಂತೆ ನಡೆಯಿತು. ಆದರೂ ಪ್ರತಿ ನಿಮಿಷದ ಕೊನೆಗೆ ನಾಲ್ಕಾರು 429.

"ನೋಡಿದ್ಯಾ? ಮರ್ಯಾದೆಯಿಂದ ಕೇಳಿದ್ರೂ ಅಷ್ಟೇ. ಅವರ ಲೆಕ್ಕವೇ ಸುಳ್ಳು!" ರಾಯರ ಮುಖದಲ್ಲಿ ಗೆದ್ದ ಕಳೆ.

ಹುಡುಗಿ ವಾದಕ್ಕೆ ಇಳಿಯಲಿಲ್ಲ. ಪ್ರೋಗ್ರಾಂ ಪೂರ್ತಿ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು, ಒಂದೇ ಒಂದು ರಿಕ್ವೆಸ್ಟ್ ಕಳಿಸಿದಳು. ಉತ್ತರದ ತಲೆಯಲ್ಲಿ, ಇನ್ನೆಷ್ಟು ಬಾಕಿ ಎಂದು ಹೇಳುವ ಸಾಲಿನ ಮೇಲೆ ಬೆರಳಿಟ್ಟಳು. "ನಾವು ಕೇಳಿದ್ದು ಒಂದೇ ಸಾರ್. 59 ಉಳೀಬೇಕಿತ್ತು, 47 ಇದೆ. ಮಿಕ್ಕ 12 ಯಾರು ತಿಂದ್ರು?"

ನಿಮಿಷಕ್ಕೆ 12. ಅಂದರೆ ಐದು ಸೆಕೆಂಡಿಗೊಂದು. ಯಾರೋ ನಮ್ಮ ಕೀಯನ್ನೇ ಹಿಡಿದು, ಐದು ಸೆಕೆಂಡಿಗೊಮ್ಮೆ ತಪ್ಪದೆ ಅದೇ ಬಾಗಿಲು ಬಡಿಯುತ್ತಿದ್ದಾರೆ.

ರಾಯರು ಸದ್ದಿಲ್ಲದೆ ಎದ್ದು ಮೀಟಿಂಗ್ ರೂಮಿನ ಕಡೆ ನಡೆದರು. ನಾವೂ ಹಿಂದೆ ಹೋದೆವು. ಗೋಡೆಯ ಮೇಲಿನ ದೊಡ್ಡ ಟೀವಿ ಆರಿತ್ತು. ಆಯುಧಪೂಜೆಯ ದಿನ ಹಚ್ಚಿದ ಕುಂಕುಮ ಅದರ ಅಂಚಿನಲ್ಲಿ ಕಪ್ಪಾಗಿತ್ತು, ಒಣಗಿದ ಚೆಂಡುಹೂವೊಂದು ಇನ್ನೂ ನೇತಾಡುತ್ತಿತ್ತು. ಅವತ್ತು ಪೂಜೆಗೆ ಬಂದಿದ್ದ ಮೇಲಿನ ಸಾಹೇಬರಿಗೆ ಪಾರ್ಸೆಲ್‌ಗಳು ಓಡುವುದನ್ನು 'ಲೈವ್' ಆಗಿ ತೋರಿಸಲು ರಾಯರೇ ಒಂದು ಪ್ರೋಗ್ರಾಂ ಕಟ್ಟಿದ್ದರು. ಸಾಹೇಬರು ಅರ್ಧ ನಿಮಿಷ ನೋಡಿ ಕಡ್ಲೆಪುರಿ ತಿನ್ನಲು ಹೋಗಿದ್ದರು. ಟೀವಿಯನ್ನು ಯಾರೋ ಆರಿಸಿದ್ದರು. ಅದರ ಬೆನ್ನಿಗೆ ಅಂಟಿಸಿದ್ದ ಅಂಗೈಯಗಲದ ಕಂಪ್ಯೂಟರನ್ನು ಮಾತ್ರ ಯಾರೂ ಆರಿಸಿರಲಿಲ್ಲ. ಕತ್ತಲ ಕೋಣೆಯಲ್ಲಿ, ನೋಡುವವರಿಲ್ಲದ ಪರದೆಗಾಗಿ, ಹಗಲೂ ರಾತ್ರಿ ಅದು ಪಾರ್ಸೆಲ್‌ಗಳ ಕ್ಷೇಮಸಮಾಚಾರ ಕೇಳುತ್ತಲೇ ಇತ್ತು. ಥೇಟ್ ರಾಯರ ಮಗ.

ರಾಯರು ಪ್ಲಗ್ ಕಿತ್ತರು. ಒಂದೇ ಸಲ. 4000 ಪಾರ್ಸೆಲ್‌ಗಳ ಲೆಕ್ಕ ಒಂದು ಗಂಟೆ ಎಂಟು ನಿಮಿಷಕ್ಕೆ ಕೈಸೇರಿತು.

ಮಾರನೆಯ ಬೆಳಗ್ಗೆ ದರ್ಶಿನಿಯಲ್ಲಿ ರಾಯರು ಬೇರೆಯೇ ಮನುಷ್ಯ. ಟೋಕನ್ ಚೀಟಿಯನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು "ಒಂದ್ ಕಾಫಿ" ಎಂದು ಮೆಲ್ಲಗೆ ಹೇಳಿದರು. ಕಾಫಿಯವನು "ಬಂತು ಸಾರ್" ಎಂದ. ರಾಯರು ಕೈಕಟ್ಟಿ ನಿಂತರು. ಒಂದು ಸೆಕೆಂಡು ಬಿಟ್ಟು ಕೆಮ್ಮಿದರು. ಎರಡು ಬಿಟ್ಟು ಚೀಟಿಯನ್ನು ಒಂದಿಂಚು ಮುಂದೆ ತಳ್ಳಿದರು. ನಾಲ್ಕು. ಎಂಟು. ಹದಿನಾರು ಎಣಿಸುವಷ್ಟರಲ್ಲಿ ಅವರ ಹೆಗಲ ಮೇಲಿಂದ ಆರು ಕೈ ಬಂದು ಆರು ಕಾಫಿ ಒಯ್ದಿದ್ದವು.

"ನಂದು?" ಎಂದರು ರಾಯರು.

"ಏನ್ ಸಾರ್ ನೀವು, ಕೇಳದೇ ನಿಂತ್ಕೊಂಡ್ರೆ ನಂಗೆ ಹೆಂಗ್ ಗೊತ್ತಾಗ್ಬೇಕು?"

ರಾಯರು ನನ್ನ ಮುಖ ನೋಡಿದರು. ಆಮೇಲೆ ಕೈ ಮೇಲೆತ್ತಿ, ಪಕ್ಕದ ಬಸ್ ಸ್ಟಾಪಿಗೂ ಕೇಳುವ ಹಾಗೆ, "ಒಂದ್ ಕಾಫಿ! ಒಂದ್ ಕಾಫಿ! ಒಂದ್ ಕಾಫಿ!" ಎಂದರು.

ಮೂರನೆಯದಕ್ಕೆ ಕಾಫಿ ಬಂತು.